ಹಗುರಾಗಿ ಕಟ್ಟಿ, ಹಗುರಾಗಿಯೇ ಮುಗಿಸಿ
ಪ್ರಶ್ನೋತ್ತರ: ರೇಡಿಯೊ ನಿಯಂತ್ರಿತ ಕಸರತ್ತಿನ ವಿಮಾನಗಳು

ಈ ಸಲದ ಪತ್ರಗಳೆಲ್ಲ ಯಾದಗಿರಿ ಜಿಲ್ಲೆಯವು. ಮುದನಾಳ, ಶಹಾಪುರ, ಸುರಪುರ ಕಡೆಯ ಓದುಗರು ಕಸರತ್ತು ಮಾಡುವ ಮಾದರಿ ವಿಮಾನವನ್ನು ಸ್ವಂತ ಕೈಯಿಂದ ಕಟ್ಟುವ ಬಗ್ಗೆ ಕೇಳಿದ್ದಾರೆ. ಒಬ್ಬರದು ಕಟ್ಟಿಗೆಯ ಪ್ರಶ್ನೆ, ಇನ್ನೊಬ್ಬರದು ಬಣ್ಣದ್ದು, ಮತ್ತೊಬ್ಬರದು ಬಿಸಿಲಿನದ್ದು. ಎಲ್ಲದರ ಬುಡದಲ್ಲಿರುವ ಸಂಗತಿ ಮಾತ್ರ ಒಂದೇ: ತೂಕ. ಲೂಪ್ ಹೊಡೆಯುವ, ಮಗುಚಿ ಹಾರುವ, ನೆಟ್ಟಗೆ ಮೇಲೇರುವ ವಿಮಾನ ಒಂದೊಂದು ಗ್ರಾಮಿಗೂ ಲೆಕ್ಕ ಕೊಡಬೇಕು. ಆದ್ದರಿಂದ ಚಾಕು, ಅಂಟು ಕೊಳ್ಳುವ ಮೊದಲು ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಕೊಳ್ಳಿ. ಮುಂದಿನ ಉತ್ತರಗಳನ್ನೆಲ್ಲ ಅದು ನಿಮ್ಮ ಮೇಜಿನ ಮೇಲಿದೆ ಎಂದುಕೊಂಡೇ ಬರೆದಿದ್ದೇನೆ.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ವಿದ್ಯಾರ್ಥಿ. ರೆಕ್ಕೆ ಮೇಲಿರುವ ಥರ್ಮೋಕೋಲ್ ವಿಮಾನವನ್ನು ಒಂದು ವರ್ಷದಿಂದ ಹಾರಿಸುತ್ತಿದ್ದೇನೆ. ಈಗ ರೋಲ್, ಲೂಪ್ ಮಾಡುವಂಥದ್ದನ್ನು ಬಾಲ್ಸಾದಲ್ಲಿ ಕಟ್ಟುವ ಆಸೆ. ಎಷ್ಟು ದೊಡ್ಡದು ಕಟ್ಟಲಿ, ಯಾವ ವಿನ್ಯಾಸ ಹಿಡಿಯಲಿ?
— ವಿದ್ಯಾರ್ಥಿ, ಮುದನಾಳ

ಉತ್ತರ: ತಮ್ಮಾ, ಒಂದು ವರ್ಷ ಹಾರಿಸಿದ ಕೈ ಇದಕ್ಕೆ ತಯಾರಾಗಿದೆ. ರೆಕ್ಕೆ ತುದಿಯಿಂದ ತುದಿಗೆ 125 ಸೆಂ.ಮೀ., ಅಗಲ 25 ಸೆಂ.ಮೀ. ಇರಲಿ. ಇದಕ್ಕಿಂತ ಚಿಕ್ಕದು ಗಾಳಿಗೆ ತತ್ತರಿಸುತ್ತದೆ. ದೊಡ್ಡದಾದರೆ ಬ್ಯಾಟರಿಯಿಂದ ಸರ್ವೋವರೆಗೆ ಎಲ್ಲದರ ಖರ್ಚೂ ಏರುತ್ತದೆ. ಅಮೆರಿಕದ ಫಿಲ್ ಕ್ರಾಫ್ಟ್ 1960ರ ದಶಕದಲ್ಲಿ ರೂಪಿಸಿದ 'ಅಗ್ಲಿ ಸ್ಟಿಕ್' ಜಾತಿಯ ವಿನ್ಯಾಸ ಹಿಡಿ. ಚೌಕ ಡಬ್ಬಿಯ ಒಡಲು, ಬುಡದಿಂದ ತುದಿಯವರೆಗೆ ಒಂದೇ ಅಗಲದ ರೆಕ್ಕೆ. ರೆಕ್ಕೆಗೆ ಆಕಾರ ಕೊಡುವ ರಿಬ್‌ಗಳೆಲ್ಲ ಒಂದೇ ಅಳತೆಯವು. ಪ್ಲೈವುಡ್‌ನಲ್ಲಿ ಎರಡು ಅಚ್ಚು ಕೊಯ್ದು, ನಡುವೆ ಬಾಲ್ಸಾ ತುಂಡುಗಳನ್ನು ಒತ್ತಿ ಬೋಲ್ಟ್ ಹಾಕಿ, ಒಟ್ಟಿಗೇ ಉಜ್ಜಿದರೆ ಒಂದಕ್ಕೊಂದು ಕೂದಲಷ್ಟೂ ವ್ಯತ್ಯಾಸ ಬರುವುದಿಲ್ಲ.

ರೆಕ್ಕೆಯ ಅಡ್ಡಸೀಳಿನಲ್ಲಿ ಮೇಲ್ಭಾಗ, ಕೆಳಭಾಗ ಒಂದೇ ಆಕಾರದಲ್ಲಿರಬೇಕು. ಆಗ ವಿಮಾನ ಮಗುಚಿದಾಗಲೂ ನೆಟ್ಟಗಿದ್ದಾಗಿನಂತೆಯೇ ಹಾರುತ್ತದೆ. ದಪ್ಪ, ಅಗಲದ ನೂರಕ್ಕೆ 15ರಷ್ಟು, ಅಂದರೆ 3.75 ಸೆಂ.ಮೀ. ರೆಕ್ಕೆಗೂ ಹಿಂದಿನ ಬಾಲಕ್ಕೂ ಕೋನದ ವ್ಯತ್ಯಾಸ ಸೊನ್ನೆ. ಮೋಟರನ್ನು ಬಲಕ್ಕೆ 2 ಡಿಗ್ರಿ ತಿರುಗಿಸಿ ಕೂರಿಸು. ಸಮತೋಲನ ಬಿಂದು ರೆಕ್ಕೆಯ ಮುಂದಂಚಿನಿಂದ 6.5 ಸೆಂ.ಮೀ. ಹಿಂದೆ ಬರಲಿ.

ಈಗ ತೂಕ. ಈ ರೆಕ್ಕೆಯ ವಿಸ್ತೀರ್ಣ ಸುಮಾರು 31 ಚದರ ಡೆಸಿಮೀಟರ್. ವಿಮಾನ 1,200 ಗ್ರಾಂನಲ್ಲಿ ಮುಗಿದರೆ ಪ್ರತಿ ಚದರ ಡೆಸಿಮೀಟರಿಗೆ 39 ಗ್ರಾಂ ಬೀಳುತ್ತದೆ. ಇಷ್ಟಿದ್ದರೆ ನಿಧಾನಕ್ಕೆ ಇಳಿಯುತ್ತದೆ, ಚಿಕ್ಕ ಲೂಪ್ ಹೊಡೆಯುತ್ತದೆ. 3 ಸೆಲ್‌ನ 2,200 ಎಂಎಎಚ್ ಬ್ಯಾಟರಿ 180 ಗ್ರಾಂ, ಮೋಟರ್ 130, ಅದರ ವೇಗ ನಿಯಂತ್ರಿಸುವ ಇಎಸ್‌ಸಿ 45, ನಾಲ್ಕು ಸರ್ವೋ 60, ರಿಸೀವರ್ 10, ಪ್ರೊಪೆಲ್ಲರ್ ಮತ್ತು ಅದರ ಟೋಪಿ 30, ಗಾಲಿ ಮತ್ತು ಅದರ ತಂತಿ 80, ವೈರು-ಸ್ಕ್ರೂ 40. ಇಷ್ಟಕ್ಕೇ 575 ಗ್ರಾಂ ಆಯಿತು. ಹೊದಿಕೆಗೆ 90 ಗ್ರಾಂ ಇಟ್ಟರೆ ಕಟ್ಟಿಗೆಯ ಹಂದರಕ್ಕೆ ಉಳಿಯುವುದು ಸುಮಾರು 535 ಗ್ರಾಂ. ಈ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಒಂದೊಂದು ಭಾಗ ಮುಗಿದ ಹಾಗೆ ನಿಜವಾದ ತೂಕವನ್ನು ಪಕ್ಕದಲ್ಲಿ ಬರೆ.

ಕಟ್ಟುವ ಹಲಗೆ ಸಪಾಟಾಗಿಲ್ಲದಿದ್ದರೆ ರೆಕ್ಕೆ ತಿರುಚುತ್ತದೆ, ತಿರುಚಿದ ರೆಕ್ಕೆ ನೆಟ್ಟಗೆ ರೋಲ್ ಮಾಡುವುದಿಲ್ಲ. ನಿಮ್ಮ ಕಡೆ ಮನೆಮನೆಯಲ್ಲೂ ಸಿಗುವ ಪಾಲಿಶ್ ಮಾಡಿದ ಶಹಾಬಾದಿ ಫರ್ಸಿಯ ಮೇಲೆ ಪಿನ್ನು ನಾಟುವಂಥ ಸಾಫ್ಟ್‌ಬೋರ್ಡ್ ಹಾಸು. ಅದಕ್ಕಿಂತ ಸಪಾಟಾದ ಮೇಜು ಬೇಕಿಲ್ಲ.

ಪ್ರಶ್ನೆ: ನಾವು ಬಾಗಿಲು, ಚೌಕಟ್ಟು, ಮಂಚ ಮಾಡೋ ಬಡಿಗರು. ಮಗ ವಿಮಾನ ಮಾಡಿಕೊಡು ಅಂತ ಹಟ ಹಿಡಿದಾನ. ಬಾಲ್ಸಾ ನಮ್ಮಲ್ಲಿ ಸಿಗಂಗಿಲ್ಲ. ಸಾಗವಾನಿ ತೆಳ್ಳಗ ಸೀಳಿ ಮಾಡಿದರ ನಡೀತದೇನು?
— ಬಡಿಗರು, ಶಹಾಪುರ

ಉತ್ತರ: ನಿಮ್ಮ ಉಳಿ, ನಿಮ್ಮ ಕಣ್ಣಳತೆ ಎರಡೂ ಈ ಕೆಲಸಕ್ಕೆ ದೊಡ್ಡ ಆಸ್ತಿ. ಕಟ್ಟಿಗೆ ಮಾತ್ರ ಬೇರೆ ಬೇಕು. ಒಂದು ಘನ ಮೀಟರ್ ಸಾಗವಾನಿ ಸುಮಾರು 650 ಕೆ.ಜಿ. ತೂಗುತ್ತದೆ. ಅಷ್ಟೇ ಬಾಲ್ಸಾ 100ರಿಂದ 200 ಕೆ.ಜಿ. ಸಾಗವಾನಿಯನ್ನು ನಾಲ್ಕನೇ ಒಂದು ಪಾಲು ದಪ್ಪಕ್ಕೆ ಸೀಳಿದರೆ ತೂಕವೇನೋ ಸರಿಹೋಗುತ್ತದೆ, ಆದರೆ ತೆಳ್ಳನೆಯ ಹಲಗೆ ಬಳುಕುತ್ತದೆ. ಬಿಗಿತನ ದಪ್ಪದಿಂದ ಬರುತ್ತದೆ. ದಪ್ಪವಿದ್ದೂ ತೂಕವಿಲ್ಲದಿರುವುದೇ ಬಾಲ್ಸಾದ ಗುಣ. ನಮ್ಮ ಕಿನ್ನಾಳದ ಗೊಂಬೆ ಮಾಡುವವರೂ ಹಗುರ ಮರವನ್ನೇ ಹುಡುಕುತ್ತಾರೆ, ಆದರೆ ವಿಮಾನಕ್ಕೆ ಅದಕ್ಕಿಂತ ಹಗುರವಾದದ್ದು ಬೇಕು. ಬಾಲ್ಸಾ ಹೆಚ್ಚಾಗಿ ಬರುವುದು ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ. ಬೆಂಗಳೂರು, ಹೈದರಾಬಾದಿನ ಹವ್ಯಾಸಿ ಅಂಗಡಿಗಳಿಂದ ಕೊರಿಯರ್‌ನಲ್ಲಿ ತರಿಸಬಹುದು.

ತರಿಸಿದ ಹಾಳೆಗಳನ್ನು ಒಂದೊಂದಾಗಿ ತೂಗಿ. 1 ಮೀಟರ್ ಉದ್ದ, 10 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಹಾಳೆ ಒಂದು 36 ಗ್ರಾಂ ಇದ್ದರೆ ಅದರ ಪಕ್ಕದ್ದೇ 60 ಗ್ರಾಂ ಇರುತ್ತದೆ. ಹಗುರಾದದ್ದು ಬಾಲಕ್ಕೆ, ರೆಕ್ಕೆಯ ತುದಿಗೆ. ಭಾರವಾದದ್ದು ರೆಕ್ಕೆಯ ಉದ್ದಕ್ಕೂ ಓಡುವ ತೊಲೆಯಾದ ಸ್ಪಾರ್‌ಗೆ, ಒಡಲಿನ ಮುಂಭಾಗಕ್ಕೆ. ಆಮೇಲೆ ಎಳೆ ನೋಡಿ, ಇದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಉದ್ದುದ್ದ ಎಳೆ ಕಾಣುವ ಮೆತ್ತನೆಯ ಹಾಳೆ ಅಡ್ಡಕ್ಕೆ ಸುಲಭವಾಗಿ ಬಾಗುತ್ತದೆ, ರೆಕ್ಕೆಯ ಮುಂದಂಚಿಗೆ ಸುತ್ತಲು ಅದು ಸರಿ. ಮೀನಿನ ಪೊರೆಯಂಥ ಚುಕ್ಕೆಗಳು ಮಿನುಗುವ ಹಾಳೆ ಬಾಗುವುದಿಲ್ಲ, ಅದು ರಿಬ್‌ಗಳಿಗೆ.

ಗಟ್ಟಿ ಕಟ್ಟಿಗೆಗೂ ಜಾಗವಿದೆ. ಮೋಟರ್ ಕೂರುವ ಗೋಡೆಗೆ 4-5 ಮಿ.ಮೀ. ಒಳ್ಳೆಯ ಪ್ಲೈವುಡ್, ಗಾಲಿಯ ತಂತಿ ಬಿಗಿಯುವಲ್ಲಿ ಗಟ್ಟಿ ಮರದ ತುಂಡು, ರೆಕ್ಕೆಯನ್ನು ಒಡಲಿಗೆ ಹಿಡಿಯುವ ಗೂಟಕ್ಕೆ ಬಲಿತ ಬಿದಿರು. ಉದ್ದ ಜೋಡಣೆಗಳಿಗೆ ಫೆವಿಕಾಲ್ ಥರದ ಬಿಳಿ ಅಂಟನ್ನು ತೆಳ್ಳಗೆ ಸವರಿ, ಹೊರಬಂದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಒಣಗಿದ ಅಂಟು ಬಾಲ್ಸಾಕ್ಕಿಂತ ಗಟ್ಟಿ, ಉಜ್ಜುವಾಗ ಸುತ್ತಲಿನ ಕಟ್ಟಿಗೆ ತಗ್ಗಿ ಅಂಟು ಉಬ್ಬಾಗಿ ಉಳಿಯುತ್ತದೆ. ಮೋಟರ್ ಗೋಡೆಗೆ ನಿಧಾನಕ್ಕೆ ಒಣಗುವ ಎಪಾಕ್ಸಿಯೇ ಬೇಕು. 5 ನಿಮಿಷದ್ದು ಬಿಸಿಗೆ ಬೇಗ ಮೆತ್ತಗಾಗುತ್ತದೆ.

ಪ್ರಶ್ನೆ: ಜನವರಿಯಲ್ಲಿ ಕನ್ನಡಿಯಂತೆ ಹೊದಿಸಿದ್ದ ಫಿಲ್ಮ್ ಮೇ ತಿಂಗಳಲ್ಲಿ ಸುಕ್ಕುಗಟ್ಟಿತು. ಇಸ್ತ್ರಿ ಹಾಕಿ ಬಿಗಿ ಮಾಡಿದೆ, ಈಗ ರೆಕ್ಕೆಯ ಹಿಂದಂಚೇ ಸೊಟ್ಟಗಾಗಿದೆ. ಫಿಲ್ಮ್ ಕಳಪೆಯದೇ?
— ಬ್ಯಾಂಕ್ ಉದ್ಯೋಗಿ, ಯಾದಗಿರಿ

ಉತ್ತರ: ಫಿಲ್ಮಿನ ತಪ್ಪಿಲ್ಲ. ಹಲಗಿ ಬಾರಿಸುವವರು ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವುದನ್ನು ನೀವು ನೋಡಿರುತ್ತೀರಿ. ಹೊದಿಕೆಯ ಬಿಗಿಯೂ ಹಾಗೆಯೇ ಹವೆಯೊಂದಿಗೆ ಏರುತ್ತದೆ, ಇಳಿಯುತ್ತದೆ. ನಿಮ್ಮ ಊರಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಬಿಸಿಲಿಗೆ ಫಿಲ್ಮ್ ಹಿಗ್ಗುತ್ತದೆ. ಒಣ ಹವೆಗೆ ಬಾಲ್ಸಾ ತನ್ನೊಳಗಿನ ತೇವ ಬಿಟ್ಟು ಕುಗ್ಗುತ್ತದೆ. ಚೌಕಟ್ಟು ಚಿಕ್ಕದಾಗಿ ಬಟ್ಟೆ ದೊಡ್ಡದಾದರೆ ಸುಕ್ಕು ಬೀಳದೆ ಇರದು. ಮಳೆಗಾಲದಲ್ಲಿ ಕಟ್ಟಿದ ಹಂದರಕ್ಕೆ ಇದು ಇನ್ನೂ ಹೆಚ್ಚು.

ಆದ್ದರಿಂದ ಹೊದಿಸುವ ಮುಂಚೆ ಹಂದರವನ್ನು ಕೆಲವು ದಿನ ಒಣ ಕೋಣೆಯಲ್ಲಿಡಿ. ಕೊನೆಯ ಉಜ್ಜುವಿಕೆ 320 ನಂಬರಿನ ಪಾಲಿಶ್ ಪೇಪರಿನಲ್ಲಿ ಮುಗಿಸಿ, ಧೂಳನ್ನು ಪೂರ್ತಿ ತೆಗೆಯಿರಿ. ಧೂಳಿದ್ದಲ್ಲಿ ಫಿಲ್ಮ್ ಕಚ್ಚದು, ಗುಳ್ಳೆ ಏಳುತ್ತದೆ. ಒರಾಕವರ್ ಥರದ ಫಿಲ್ಮ್ ಸುಮಾರು 100 ಡಿಗ್ರಿಗೆ ಅಂಟಿಕೊಳ್ಳುತ್ತದೆ, 120ರಿಂದ 150ಕ್ಕೆ ಕುಗ್ಗುತ್ತದೆ. ಕಂಪನಿಯಿಂದ ಕಂಪನಿಗೆ ಅಂಕಿ ಬದಲಾಗುವುದರಿಂದ ಚೂರು ಕಟ್ಟಿಗೆಯ ಮೇಲೆ ಪರೀಕ್ಷಿಸಿಯೇ ಮುಂದುವರಿಯಿರಿ. ಮೊದಲು ಅಂಚುಗಳನ್ನು ಸುತ್ತಲೂ ಕಡಿಮೆ ಬಿಸಿಯಲ್ಲಿ ಭದ್ರವಾಗಿ ಅಂಟಿಸಿ, ಆಮೇಲೆ ನಡುವೆ ಕುಗ್ಗಿಸಿ. ಕೆಳಮೈ ಮೊದಲು, ಮೇಲ್ಮೈ ಆಮೇಲೆ. ಹಿಂದಿನ ತುಂಡಿನ ಮೇಲೆ ಮುಂದಿನ ತುಂಡು ಕೂರಬೇಕು. ಆಗ ಗಾಳಿ ಅಂಚನ್ನು ಎಬ್ಬಿಸುವುದಿಲ್ಲ.

ಹಿಂದಂಚು ಸೊಟ್ಟಗಾದದ್ದು ಒಂದೇ ಮಗ್ಗುಲಿಗೆ ಜಾಸ್ತಿ ಬಿಸಿ ಕೊಟ್ಟದ್ದರಿಂದ. ಇದನ್ನು ಸರಿಪಡಿಸಬಹುದು. ಇನ್ನೊಬ್ಬರು ರೆಕ್ಕೆಯನ್ನು ಸೊಟ್ಟಗಿರುವ ಕಡೆಯಿಂದ ವಿರುದ್ಧಕ್ಕೆ ತುಸು ಹೆಚ್ಚಾಗಿಯೇ ತಿರುಚಿ ಹಿಡಿಯಲಿ. ನೀವು ಎರಡೂ ಮೈಗೆ ಬಿಸಿಗಾಳಿ ಕೊಡಿ, ಪೂರ್ತಿ ಆರುವವರೆಗೆ ಹಾಗೇ ಹಿಡಿದಿರಲಿ. ಫರ್ಸಿಯ ಮೇಲಿಟ್ಟು ನೋಡಿ, ಬೇಕಾದರೆ ಮತ್ತೊಮ್ಮೆ ಮಾಡಿ. ಕಾರಿನ ಹಿಂದಿನ ಗಾಜಿನ ಕೆಳಗೆ ವಿಮಾನ ಇಡಬೇಡಿ. ಹಳೆಯ ಬಿಳಿ ಬೆಡ್‌ಶೀಟಿನಲ್ಲಿ ರೆಕ್ಕೆಗೊಂದು ಚೀಲ ಹೊಲಿಸಿ, ಹಾರಿಸದ ಹೊತ್ತೆಲ್ಲ ಅದರೊಳಗಿರಲಿ.

ಪ್ರಶ್ನೆ: ನಾನು ಚಿತ್ರಕಲಾ ಶಿಕ್ಷಕಿ. ನನ್ನ ವಿದ್ಯಾರ್ಥಿಗಳು ಕಟ್ಟಿದ ವಿಮಾನಕ್ಕೆ ಕುಂಚದಿಂದ ಚಿತ್ತಾರ ಬರೆಯಬೇಕೆಂದಿದ್ದೇವೆ. ಎಷ್ಟು ಬಣ್ಣ ಹಾಕಬಹುದು? ಯಾವ ಬಣ್ಣ ಆಕಾಶದಲ್ಲಿ ಕಾಣುತ್ತದೆ?
— ಶಿಕ್ಷಕಿ, ಸುರಪುರ

ಉತ್ತರ: ಗರುಡಾದ್ರಿ ಮನೆತನದ ಸೂಕ್ಷ್ಮ ರೇಖೆಯ ಚಿತ್ರಗಳು ಹುಟ್ಟಿದ ಊರಿನಿಂದ ಈ ಪ್ರಶ್ನೆ ಬಂದದ್ದು ನನಗೆ ಸಂತೋಷ. ಆದರೆ ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೂ ನೂರು ಮೀಟರ್ ದೂರದಲ್ಲಿ ಉರುಳುವ ಚಿತ್ರಕ್ಕೂ ನಿಯಮ ಬೇರೆ. ಹಾರಿಸುವವರು ಆ ದೂರದಿಂದ ಎರಡೇ ಸಂಗತಿ ಗುರುತಿಸಬೇಕು: ವಿಮಾನದ ಬೆನ್ನು ಯಾವುದು, ಹೊಟ್ಟೆ ಯಾವುದು. ಕಸರತ್ತಿನಲ್ಲಿ ಕ್ಷಣಕ್ಷಣಕ್ಕೂ ಅದು ಬದಲಾಗುತ್ತದೆ. ಗುರುತು ತಪ್ಪಿದರೆ ಮೂತಿಯನ್ನು ಏರಿಳಿಸುವ ಎಲಿವೇಟರನ್ನು ಎಳೆಯುವ ಕಡೆ ತಳ್ಳಿ ವಿಮಾನ ನೆಲಕ್ಕೆ ಬೀಳುತ್ತದೆ.

ಯಾದಗಿರಿ ಸೀಮೆಯ ಬೇಸಿಗೆಯ ಆಕಾಶ ನೀಲಿಗಿಂತ ಧೂಳುಬಿಳಿಯಾಗಿರುವುದೇ ಹೆಚ್ಚು. ಅದರ ಎದುರು ತೆಳು ಬಣ್ಣದ ಹೊಟ್ಟೆ ಕರಗಿಹೋಗುತ್ತದೆ. ಹೊಟ್ಟೆಗೆ ಕಪ್ಪು ಇಲ್ಲವೆ ಗಾಢ ನೀಲಿಯ ಅಗಲ ಪಟ್ಟೆ, 8-10 ಸೆಂ.ಮೀ.ನದು, ರೆಕ್ಕೆಯ ಅಡ್ಡಕ್ಕೆ ಬರಲಿ. ಬೆನ್ನಿಗೆ ಬಿಳಿ, ಹಳದಿ, ಕೆಂಪು. ಹೀಗೆ ಮಾಡಿದರೆ ಬಿಸಿಲಿನ ತೊಂದರೆಯೂ ತಪ್ಪುತ್ತದೆ: ನೆಲದ ಮೇಲೆ ನಿಂತಾಗ ಸೂರ್ಯನಿಗೆ ಮುಖ ಮಾಡಿರುವುದು ಬೆನ್ನು. ಅದು ತಿಳಿ ಬಣ್ಣದ್ದಾದರೆ ಕಾಯುವುದು ಕಡಿಮೆ, ಫಿಲ್ಮ್ ಸಡಿಲವಾಗುವುದೂ ಕಡಿಮೆ. ಕಪ್ಪು ಬಣ್ಣ ನೆರಳಿನಲ್ಲೇ ಉಳಿಯುತ್ತದೆ.

ಚಿತ್ತಾರವನ್ನು ಮೂತಿಯ ಹತ್ತಿರ, ಕಾಕ್‌ಪಿಟ್ ಸುತ್ತ ಬರೆಸಿ. ಮಕ್ಕಳ ಕೈಚಳಕ ಹತ್ತಿರದಿಂದ ಕಾಣುವುದೂ ಅಲ್ಲೇ, ತೂಕ ತೊಂದರೆ ಕೊಡದಿರುವುದೂ ಅಲ್ಲೇ. ಬಾಲಕ್ಕೆ ಬಣ್ಣ ಬೇಡ. ಸಮತೋಲನ ಬಿಂದುವಿನಿಂದ ಬಾಲ ದೂರ, ಮೂತಿ ಹತ್ತಿರ. ಬಾಲಕ್ಕೆ 10 ಗ್ರಾಂ ಕೂಡಿದರೆ ಅದನ್ನು ತೂಗಿಸಲು ಮೂತಿಗೆ 25-30 ಗ್ರಾಂ ಸೀಸ ಇಡಬೇಕಾಗುತ್ತದೆ. ಒಂದು ಹೂವಿನ ಚಿತ್ರಕ್ಕೆ ಒಟ್ಟು 35-40 ಗ್ರಾಂ ಬೆಲೆ ತೆತ್ತಂತಾಯಿತು.

ಎಷ್ಟು ಬಣ್ಣ ಎಂಬುದನ್ನು ತಕ್ಕಡಿಯಲ್ಲೇ ತಿಳಿಯಬಹುದು. 10 ಸೆಂ.ಮೀ. ಚೌಕದ ಫಿಲ್ಮ್ ತುಂಡನ್ನು ಬಂಗಾರದಂಗಡಿಯಲ್ಲಿರುವಂಥ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಬಣ್ಣ ಹಚ್ಚಿ ಒಣಗಿಸಿ ಮತ್ತೆ ತೂಗಿ. ವ್ಯತ್ಯಾಸವನ್ನು 100ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಎಷ್ಟು ಎಂದು ಸಿಗುತ್ತದೆ. ಈ ಪ್ರಯೋಗವನ್ನು ಮಕ್ಕಳಿಂದಲೇ ಮಾಡಿಸಿ. ಗಣಿತದ ಮೇಷ್ಟರೂ ನಿಮ್ಮ ಜೊತೆ ಸೇರಿಕೊಳ್ಳುತ್ತಾರೆ.

ಪ್ರಶ್ನೆ: ನನ್ನದು ಕಾರು ಪೇಂಟಿಂಗ್ ಕೆಲಸ. ಗೆಳೆಯನ ಥರ್ಮೋಕೋಲ್ ವಿಮಾನಕ್ಕೆ ಪುಟ್ಟಿ ಹಚ್ಚಿ, ಕಾರಿನ ಪೇಂಟ್ ಹೊಡೆದೆ. ರೆಕ್ಕೆ ಅಲ್ಲಲ್ಲಿ ಕರಗಿ ಗುಂಡಿ ಬಿತ್ತು. ಕಾರಿನಂಥ ಫಿನಿಶ್ ಫೋಮಿಗೆ ಬರುವುದೇ ಇಲ್ಲವೇ?
— ಪೇಂಟರ್, ಶಹಾಪುರ

ಉತ್ತರ: ಬರುತ್ತದೆ, ದಾರಿ ಮಾತ್ರ ಬೇರೆ. ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್. ಥಿನ್ನರ್ ಅದನ್ನು ಕರಗಿಸುತ್ತದೆ. ಸ್ಪ್ರೇ ಡಬ್ಬಿಯ ಬಣ್ಣ, ಪಾಲಿಯೆಸ್ಟರ್ ಪುಟ್ಟಿ, ಪಾಲಿಯೆಸ್ಟರ್ ರೆಸಿನ್ ಎಲ್ಲದರದೂ ಇದೇ ಕಥೆ. ಎಪಾಕ್ಸಿ ಮತ್ತು ನೀರಿನಲ್ಲಿ ಕದಡುವ ವಾರ್ನಿಶ್ ಕರಗಿಸುವುದಿಲ್ಲ.

ಗುಂಡಿಗಳಿಗೆ ಹಗುರ ಫಿಲ್ಲರ್ ತುಂಬಿ, ಒಣಗಿದ ಮೇಲೆ ಉಜ್ಜಿ. ನಂತರ ಚದರ ಮೀಟರಿಗೆ 25 ಗ್ರಾಂ ತೂಗುವ ತೆಳು ಗ್ಲಾಸ್ ಬಟ್ಟೆಯನ್ನು ರೆಕ್ಕೆಯ ಮೇಲೆ ಹಾಸಿ, ನೀರಿನ ಪಾಲಿಯುರೆಥೇನ್ ವಾರ್ನಿಶ್ ಇಲ್ಲವೆ ತೆಳ್ಳನೆಯ ಲ್ಯಾಮಿನೇಟಿಂಗ್ ಎಪಾಕ್ಸಿಯನ್ನು ನಡುವಿನಿಂದ ಅಂಚಿಗೆ ಸವರಿ. ಎಪಾಕ್ಸಿಯಾದರೆ, ಹಚ್ಚಿದ ಮೇಲೆ ಹಳೆಯ ಎಟಿಎಂ ಕಾರ್ಡಿನಿಂದ ಎಳೆದು ಹೆಚ್ಚಿನದನ್ನೆಲ್ಲ ತೆಗೆದುಬಿಡಿ. ಬಟ್ಟೆಯ ನೇಯ್ಗೆ ಕಾಣುತ್ತಿರಬೇಕು, ಮೈ ಹೊಳೆಯುತ್ತಿರಬಾರದು. ಬಟ್ಟೆಯಷ್ಟೇ ತೂಕದ ರೆಸಿನ್ ಉಳಿದರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. 1.2 ಚದರ ಮೀಟರ್ ಮೈಗೆ ಬಟ್ಟೆ 30 ಗ್ರಾಂ, ರೆಸಿನ್ 30-40 ಗ್ರಾಂ. ರೆಕ್ಕೆಗೆ ಬರುವ ಗಟ್ಟಿತನ ನೋಡಿದರೆ ಈ ತೂಕ ಕೊಡಬಹುದಾದದ್ದೇ.

ಇಷ್ಟಾದ ಮೇಲೆ ಎಲ್ಲೂ ಫೋಮ್ ಬರಿಮೈಯಾಗಿ ಉಳಿದಿಲ್ಲವೆಂದು ಖಚಿತವಾದರೆ ನಿಮ್ಮ ಗನ್ನಿನಿಂದಲೇ ತೆಳು ಪದರ ಹೊಡೆಯಿರಿ. ಕಾರಿಗೆ ಹೊಡೆಯುವಂತೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಂದು ಪದರದ ಮೇಲೆ ಪದರ ಬೇಡ. ಬಿಳಿ ಮೈಯನ್ನೇ ಹಿನ್ನೆಲೆ ಮಾಡಿಕೊಂಡು, ಬೇಕಾದಲ್ಲಿ ಮಾತ್ರ ಒಂದು ಪದರ ಬಣ್ಣ ಸಾಕು. ಪ್ರೈಮರ್ ಹೊಡೆಯಲೇಬೇಕಾದರೆ, ಹೊಡೆದದ್ದರಲ್ಲಿ ಬಹುಪಾಲನ್ನು ನೀರು ಪೇಪರಿನಿಂದ ಉಜ್ಜಿ ತೆಗೆಯಿರಿ. ತಗ್ಗಿನಲ್ಲಿ ಕೂತದ್ದಷ್ಟೇ ಉಳಿಯಲಿ. ಎಪಾಕ್ಸಿ ಕೈಗೆ ತಾಗದಂತೆ ಗ್ಲೌಸ್, ಉಜ್ಜುವಾಗ ಮಾಸ್ಕ್ ಇರಲಿ. ಗ್ಲಾಸ್ ಧೂಳು ಎದೆಗೆ ಒಳ್ಳೆಯದಲ್ಲ.

ಪ್ರಶ್ನೆ: ಡಿಸೆಂಬರಿನಲ್ಲಿ ಚೆನ್ನಾಗಿ ಲೂಪ್ ಹೊಡೆಯುತ್ತಿದ್ದ ವಿಮಾನ ಮೇ ತಿಂಗಳ ಮಧ್ಯಾಹ್ನ ಲೂಪಿನ ತುದಿಯಲ್ಲಿ ಮಗ್ಗುಲಿಗೆ ಬೀಳುತ್ತದೆ. ಮೋಟರ್ ಹಳತಾಯಿತೇ?
— ಅಂಗಡಿ ಮಾಲೀಕರು, ಯಾದಗಿರಿ

ಉತ್ತರ: ಮೋಟರಿಗಿಂತ ಮೊದಲು ಗಾಳಿಯನ್ನು ನೋಡಿ. ಯಾದಗಿರಿ ಸಮುದ್ರಮಟ್ಟದಿಂದ ಸುಮಾರು 390 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ ಡಿಸೆಂಬರಿನ 20 ಡಿಗ್ರಿ ಬೆಳಗಿನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.15 ಕೆ.ಜಿ., ಮೇ ತಿಂಗಳ 42 ಡಿಗ್ರಿಯಲ್ಲಿ 1.07 ಕೆ.ಜಿ. ನೂರಕ್ಕೆ 7ರಷ್ಟು ಗಾಳಿಯೇ ಕಡಿಮೆ. ರೆಕ್ಕೆ ಎತ್ತುವ ಬಲವೂ ಪ್ರೊಪೆಲ್ಲರ್ ಎಳೆಯುವ ಬಲವೂ ಅಷ್ಟು ತಗ್ಗುತ್ತವೆ. ತೂಕ ಮಾತ್ರ ಹಾಗೇ ಇರುತ್ತದೆ. ಚಳಿಗಾಲದಲ್ಲಿ ಅಂಚಿನಲ್ಲಿ ನಿಭಾಯಿಸುತ್ತಿದ್ದ ವಿಮಾನ ಬೇಸಿಗೆಯಲ್ಲಿ ಅಂಚು ದಾಟುತ್ತದೆ.

ಪರಿಹಾರ ಮೂರು. ಬೆಳಿಗ್ಗೆ ಎಂಟೂವರೆಯೊಳಗೆ ಹಾರಿಸಿ ಮುಗಿಸಿ. ಲೂಪಿಗೆ ಹೆಚ್ಚು ವೇಗದಿಂದ ಹೋಗಿ, ಎಲಿವೇಟರ್ ಮೆಲ್ಲಗೆ ಎಳೆದು ದೊಡ್ಡ ವೃತ್ತ ಹೊಡೆಯಿರಿ. ಮೂರನೆಯದು, ತೂಕ ಇಳಿಸಿ: ಮೂತಿಯಲ್ಲಿರುವ ಸೀಸವನ್ನು ತೆಗೆದು, ಬ್ಯಾಟರಿಯನ್ನೇ ಮುಂದೆ ಸರಿಸಿ ಸಮತೋಲನ ತರಲು ಸಾಧ್ಯವೇ ನೋಡಿ. ದೊಡ್ಡ ಪ್ರೊಪೆಲ್ಲರ್ ಹಾಕುವ ಮುನ್ನ ವಾಟ್‌ಮೀಟರಿನಲ್ಲಿ ಕರೆಂಟ್ ಅಳೆಯಲೇಬೇಕು, ಇಲ್ಲವಾದರೆ ಇಎಸ್‌ಸಿ ಸುಡುತ್ತದೆ. ಒಡಲಿಗೆ ಗಾಳಿ ಒಳಹೋಗುವ ಕಂಡಿಗಿಂತ ಹೊರಹೋಗುವ ಕಂಡಿ ದೊಡ್ಡದಿರಲಿ.

ಲಿಪೊ ಬ್ಯಾಟರಿಯನ್ನು ಮುಚ್ಚಿದ ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಹಾರಿಸಿ ಇಳಿಸಿದ ಬಿಸಿ ಬ್ಯಾಟರಿಯನ್ನು ಪೂರ್ತಿ ಆರಿದ ಮೇಲೆಯೇ ಚಾರ್ಜಿಗೆ ಹಾಕಿ. ವಾರಗಟ್ಟಲೆ ಹಾರಿಸದಿದ್ದರೆ ಪ್ರತಿ ಸೆಲ್ 3.8 ವೋಲ್ಟಿನಲ್ಲಿ ಇರಲಿ. ಚಾರ್ಜ್ ಆಗುವಾಗ ಪಕ್ಕದಲ್ಲೇ ಇರಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

ಪ್ರಶ್ನೆ: ವೇಗವಾಗಿ ಕೆಳಗಿಳಿಸುವಾಗ ಝರ್ ಎಂಬ ಸದ್ದು ಬಂದು ಐಲೆರಾನ್ ಕಿತ್ತುಹೋಯಿತು. ಹಿಂಜಿಗೆ ಅಂಟು ಸಾಲಲಿಲ್ಲವೇ?
— ಐಟಿಐ ತರಬೇತುದಾರರು, ಸುರಪುರ

ಉತ್ತರ: ಆ ಸದ್ದು ಫ್ಲಟರ್‌ನದು. ವೇಗ ಒಂದು ಮಿತಿ ದಾಟಿದಾಗ ರೆಕ್ಕೆಯ ಹಿಂದಂಚಿನಲ್ಲಿ ಸಡಿಲವಿರುವ ಐಲೆರಾನ್ ಗಾಳಿಗೆ ಸಿಕ್ಕಿ ಕಂಪಿಸತೊಡಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಕಂಪನ ಬೆಳೆದು ಹಿಂಜ್ ಕೀಳುತ್ತದೆ. ಅಂಟು ಸೋತದ್ದು ಕೊನೆಯಲ್ಲಿ. ಕಾರಣ ಅದಕ್ಕೂ ಮೊದಲಿನದು.

ಸರ್ವೋವನ್ನು ಚಾಲೂ ಇಟ್ಟು ಐಲೆರಾನನ್ನು ಬೆರಳಿನಿಂದ ಅಲುಗಿಸಿ ನೋಡಿ. ಅಲುಗಾಟ ಇದ್ದರೆ ಪುಶ್‌ರಾಡಿನ ತೂತು ಸವೆದಿದೆ. ಪುಶ್‌ರಾಡನ್ನು ಸರ್ವೋ ತೋಳಿನ ಒಳತೂತಿಗೆ, ಐಲೆರಾನಿನ ಹಾರ್ನಿನ ಹೊರತೂತಿಗೆ ಹಾಕಿ. ರೆಕ್ಕೆಗೂ ಐಲೆರಾನಿಗೂ ನಡುವಿನ ಸಂದು ಅರ್ಧ ಮಿ.ಮೀ. ಮೀರದಿರಲಿ, ಕೆಳಗಡೆಯಿಂದ ಪಾರದರ್ಶಕ ಫಿಲ್ಮ್ ಪಟ್ಟಿ ಅಂಟಿಸಿ ಮುಚ್ಚಿ. ಹಾಗೆ ಮುಚ್ಚಿದರೆ ಎರಡೂ ಕಡೆಯ ಐಲೆರಾನ್ ಸಮನಾಗಿ ಕೆಲಸ ಮಾಡಿ ರೋಲ್ ಚೊಕ್ಕವಾಗುವುದೂ ಉಂಟು. ಇಲ್ಲೂ ಫಿನಿಶಿನ ಪಾತ್ರವಿದೆ: ಹಿಂಜಿನ ಗೆರೆಯ ಹಿಂದೆ ಪುಟ್ಟಿ, ಬಣ್ಣ, ಸ್ಟಿಕರ್ ಯಾವುದೇ ತೂಕ ಕೂಡಿದರೂ ಫ್ಲಟರ್ ಕಡಿಮೆ ವೇಗದಲ್ಲೇ ಶುರುವಾಗುತ್ತದೆ. ಅಲ್ಲಿ ಫಿಲ್ಮ್ ಒಂದೇ ಇರಲಿ.

ಪ್ರಶ್ನೆ: ಬೀದರಿನಲ್ಲಿ ಸೂರ್ಯಕಿರಣ ತಂಡದ ಪ್ರದರ್ಶನ ನೋಡಿದಾಗಿನಿಂದ ಕಿರಣ್ ವಿಮಾನದ ಮಾದರಿ ಮಾಡಬೇಕೆನ್ನಿಸಿದೆ. ಮೊದಲ ಬಾಲ್ಸಾ ವಿಮಾನವಾಗಿ ಅದನ್ನೇ ಕಟ್ಟಬಹುದೇ?
— ಪದವಿ ವಿದ್ಯಾರ್ಥಿ, ಶಹಾಪುರ

ಉತ್ತರ: ಕಸರತ್ತಿನ ಹುಚ್ಚು ಹಿಡಿಯಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಸೂರ್ಯಕಿರಣ ತಂಡ 1996ರಲ್ಲಿ ಬೀದರಿನ ವಾಯುನೆಲೆಯಲ್ಲಿ ರೂಪುಗೊಂಡಿತು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನಗಳಲ್ಲಿ 2011ರವರೆಗೆ ಹಾರಿತು, ಈಗ ಹಾಕ್ ವಿಮಾನಗಳಲ್ಲಿ ಹಾರುತ್ತಿದೆ. ಕಿರಣ್ ಮೊದಲು ಹಾರಿದ್ದು 1964ರ ಸೆಪ್ಟೆಂಬರ್ 4ರಂದು. ಅದರ ವಿನ್ಯಾಸದ ಹಿಂದಿದ್ದವರು ಡಾ. ವಿ.ಎಂ. ಘಾಟಗೆ.

ಆದರೆ ಕಿರಣ್ ಜೆಟ್ ವಿಮಾನ. ಮಾದರಿಯಲ್ಲಿ ಅದಕ್ಕೆ ಒಡಲಿನೊಳಗೆ ವಿದ್ಯುತ್ ಫ್ಯಾನ್ ಕೂರಿಸಬೇಕು. ಫ್ಯಾನ್ ಕರೆಂಟ್ ಹೆಚ್ಚು ಕುಡಿಯುತ್ತದೆ, ಭಾರದ ಬ್ಯಾಟರಿ ಬೇಡುತ್ತದೆ, ಏರಲು ನುಣುಪಾದ ಓಡುದಾರಿ ಕೇಳುತ್ತದೆ. ಬಿರುಕುಬಿಟ್ಟ ಎರೆಹೊಲದಲ್ಲಿ ಅದರ ಚಿಕ್ಕ ಗಾಲಿ ಉಳಿಯದು. ಮೊದಲಿಗೆ ಘಾಟಗೆಯವರದೇ ಇನ್ನೊಂದು ವಿಮಾನ ಹಿಡಿಯಿರಿ: ಎಚ್‌ಟಿ-2. 1951ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಈ ವಿಮಾನದಲ್ಲಿ ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತರು. ಮೂತಿಗೆ ಪ್ರೊಪೆಲ್ಲರ್, ಕೆಳಗೆ ರೆಕ್ಕೆ, ಅಗಲ ಅಂತರದ ಗಾಲಿ. ನಿಜ ವಿಮಾನದ ರೆಕ್ಕೆ 10.72 ಮೀಟರ್, ಉದ್ದ 7.53 ಮೀಟರ್. ಎಂಟನೇ ಒಂದಕ್ಕೆ ಇಳಿಸಿದರೆ 134 ಸೆಂ.ಮೀ. ಮತ್ತು 94 ಸೆಂ.ಮೀ.; ಮುದನಾಳದ ವಿದ್ಯಾರ್ಥಿಗೆ ಹೇಳಿದ ಮೋಟರ್, ಬ್ಯಾಟರಿಯೇ ಸಾಕು.

ಕಟ್ಟಿದ ಮೇಲೆ ಹಾರಿಸಿ ಹದ ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಫಿನಿಶ್ ಮುಗಿಯುವುದು ಅಲ್ಲಿ. ಮೂತಿ ಮತ್ತು ಬಾಲಕ್ಕೆ ದಾರ ಕಟ್ಟಿ ಎತ್ತಿ, ಒಂದು ರೆಕ್ಕೆ ವಾಲಿದರೆ ಇನ್ನೊಂದರ ತುದಿಗೆ ಚೂರು ತೂಕ ಸೇರಿಸಿ. ಮೊದಲ ಹಾರಾಟದಲ್ಲಿ ಐಲೆರಾನ್ ಚಲನೆ ಮೇಲಕ್ಕೆ ಕೆಳಕ್ಕೆ 10 ಮಿ.ಮೀ., ಎಲಿವೇಟರ್ 12 ಮಿ.ಮೀ. ಸಾಕು. ನೆಟ್ಟಗೆ ಹಾರುವಂತೆ ಟ್ರಿಮ್ ಮಾಡಿ. ಆಮೇಲೆ ಎತ್ತರದಲ್ಲಿ 45 ಡಿಗ್ರಿ ಏರಿಸುತ್ತ ಮಗುಚಿ, ಕೋಲು ಬಿಡಿ. ತುಸುವೇ ಬಾಗಿ ಮುಂದುವರಿದರೆ ಸಮತೋಲನ ಸರಿಯಿದೆ. ಬೇಗ ನೆಲದ ಕಡೆ ತಿರುಗಿದರೆ ಮೂತಿ ಭಾರ. ತಾನೇ ಮೇಲಕ್ಕೆ ಎದ್ದರೆ ಬಾಲ ಭಾರ. ಕೊನೆಗೆ ನೆಟ್ಟಗೆ ಮೇಲಕ್ಕೇರಿಸಿ. ಎಡಕ್ಕೆ ವಾಲಿದರೆ ಮೋಟರನ್ನು ಬಲಕ್ಕೆ ಇನ್ನೂ ಅರ್ಧ ಡಿಗ್ರಿ ತಿರುಗಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಬರೆದಿಡಿ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳು ವಿಮಾನ ಕಟ್ಟುತ್ತೇನೆ ಅನ್ನುತ್ತಾಳೆ. ಖರ್ಚು ಇರಲಿ, ನನಗೆ ಭಯ ಬೇರೆ. ಇದಕ್ಕೆ ಪೊಲೀಸರ ಅನುಮತಿ ಬೇಕೇ? ಎಲ್ಲಿ ಹಾರಿಸಬೇಕು? ಮುಂದೆ ಉಪಯೋಗವಿದೆಯೇ?
— ತಾಯಿ, ಮುದನಾಳ

ಉತ್ತರ: ಅಮ್ಮಾ, ನೀವು ಕೇಳಿದ್ದು ಸರಿಯಾಗಿದೆ. 2021ರ ಡ್ರೋನ್ ನಿಯಮಗಳು ಇಂಥ ವಿಮಾನಗಳಿಗೂ ಅನ್ವಯಿಸುತ್ತವೆ. 25 ಕೆ.ಜಿ.ಯೊಳಗಿನ, ಕಲಿಕೆಗೋ ಮನರಂಜನೆಗೋ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ವಿಮಾನಗಳಿಗೆ ಅದರಲ್ಲಿ 'ಮಾದರಿ' ಎಂಬ ಪ್ರತ್ಯೇಕ ವರ್ಗವಿದೆ. ಇವಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ. 2 ಕೆ.ಜಿ.ಯೊಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಪ್ರಮಾಣಪತ್ರವೂ ಬೇಡ. ಆದರೆ ಜಾಗ ಮುಂಚಿತ ಅನುಮತಿ ಬೇಡದ ಹಸಿರು ವಲಯದಲ್ಲಿರಬೇಕು, ಎತ್ತರ 400 ಅಡಿ, ಅಂದರೆ 120 ಮೀಟರ್ ಮೀರಬಾರದು. ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನಿಮ್ಮ ಹೊಲದ ಜಾಗ ನೋಡಿ, ನೋಂದಣಿಯ ಈಗಿನ ನಿಯಮವನ್ನೂ ಓದಿ ಪೂರೈಸಿ. ಠಾಣೆಗೆ ಮೊದಲೇ ಒಂದು ಮಾತು ತಿಳಿಸಿದರೆ ಆಮೇಲೆ ಯಾರೂ ಗಾಬರಿಯಾಗುವುದಿಲ್ಲ.

ತೊಗರಿ, ಹತ್ತಿ ಕಟಾವಾದ ಮೇಲಿನ ಖಾಲಿ ಹೊಲ ಒಳ್ಳೆಯದು. ಯಜಮಾನರನ್ನು ಕೇಳಿಯೇ ಇಳಿಯಿರಿ. ವಿದ್ಯುತ್ ತಂತಿ, ರಸ್ತೆ, ರೈಲು ಹಳಿ, ಆಸ್ಪತ್ರೆ, ಜನ ಸೇರುವ ಜಾಗದಿಂದ ದೂರವಿರಲಿ. ಶಹಾಪುರ, ಸುರಪುರದ ಕಾಲುವೆ ಸೀಮೆಯವರು ನೀರು ನಿಂತ ಭತ್ತದ ಗದ್ದೆಯ ಮೇಲೆ ಹಾರಿಸಬಾರದು. ನೀರು ಹೊಕ್ಕರೆ ರಿಸೀವರ್, ಇಎಸ್‌ಸಿ ಎರಡೂ ಹೋಗುತ್ತವೆ. ಬ್ಯಾಟರಿ ಜೋಡಿಸಿದ ಕ್ಷಣದಿಂದ ಪ್ರೊಪೆಲ್ಲರಿನ ಎದುರು, ಮಗ್ಗುಲಲ್ಲಿ ಯಾರೂ ನಿಲ್ಲಬಾರದು. ಮನೆಯೊಳಗೆ ಮೋಟರ್ ಪರೀಕ್ಷಿಸುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು. ಸಂಕೇತ ತಪ್ಪಿದರೆ ಮೋಟರ್ ತಾನೇ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ಪ್ರತಿ ಹಾರಾಟದ ಮುಂಚೆ ಪರೀಕ್ಷಿಸಿ. ಈ ಅಭ್ಯಾಸಗಳೆಲ್ಲ ಕೂಡಿದರೆ ನಿಮ್ಮ ಭಯ ಬಹುಮಟ್ಟಿಗೆ ತೀರುತ್ತದೆ.

ಉಪಯೋಗದ ಬಗ್ಗೆ: ಎನ್‌ಸಿಸಿಯ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ಕಲಿಸುತ್ತಾರೆ, ಸ್ಪರ್ಧೆಗಳೂ ಇವೆ. ಆದರೆ ನಾನು ದೊಡ್ಡ ಲಾಭವೆಂದುಕೊಳ್ಳುವುದು ಬೇರೊಂದನ್ನು. ಒಂದು ರಿಬ್ಬಿನಲ್ಲಿ ತೂತು ಕೊರೆದರೆ ಎಷ್ಟು ಗ್ರಾಂ ಉಳಿಯಿತು, ಎಷ್ಟು ಬಲ ಕಡಿಮೆಯಾಯಿತು ಎಂದು ತೂಗಿ ನೋಡುವ ಹುಡುಗಿ ಎಂಜಿನಿಯರಿಂಗಿನ ಮೊದಲ ಪಾಠವನ್ನು ಪುಸ್ತಕ ಬರುವ ಮೊದಲೇ ಕಲಿತಿರುತ್ತಾಳೆ. ಮೊದಲು ಕಲಿಕೆಯ ಫೋಮ್ ವಿಮಾನ, ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಅಭ್ಯಾಸ, ಆಮೇಲೆ ಬಾಲ್ಸಾ. ಮುದನಾಳದಿಂದಲೇ ಬರೆದ ಡಿಪ್ಲೊಮಾ ವಿದ್ಯಾರ್ಥಿಯಂಥವರು ನಿಮ್ಮ ಸುತ್ತ ಇದ್ದಾರೆ. ಊರಿನ ಶಾಲೆಯ ಮೂಲಕ ಅಂಥವರನ್ನು ಸೇರಿಸಿ, ಹಿರಿಯರೊಬ್ಬರ ಎದುರಿನಲ್ಲೇ ಮಕ್ಕಳು ಕಲಿಯಲಿ.

ಮುಂದಿನ ಸಂಚಿಕೆಗೆ ಬರೆಯುವವರಲ್ಲಿ ಒಂದು ಕೋರಿಕೆ. ವಿಮಾನದ ಒಟ್ಟು ತೂಕ, ರೆಕ್ಕೆಯ ಉದ್ದ ಮತ್ತು ಅಗಲ, ಸಮತೋಲನ ಬಿಂದು ಎಲ್ಲಿದೆ, ಬ್ಯಾಟರಿ ಯಾವುದು, ಹಾರಿಸಿದ್ದು ಯಾವ ಹೊತ್ತಿನಲ್ಲಿ ಎಂಬ ಐದು ಸಂಗತಿ ಬರೆಯಿರಿ. ಅವಿದ್ದರೆ ನಿಮ್ಮ ವಿಮಾನಕ್ಕೇ ಹೊಂದುವ ಉತ್ತರ ಕೊಡಬಹುದು. ಬರೆಯುವ ಮುನ್ನ ತೂಗಿ ನೋಡಿದವರಲ್ಲಿ ಕೆಲವರಿಗೆ ಉತ್ತರ ತಕ್ಕಡಿಯಲ್ಲೇ ಸಿಕ್ಕಿಬಿಡುತ್ತದೆ.